ಎತ್ತಿಗೆ ಜ್ವರ, ಕಾರ್ಬುರೇಟರ್‌ಗೆ ಬರೆ

ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಎಂಜಿನ್ನಿನ ನೆತ್ತಿಯ ಮೇಲೆ, ದುಂಡನೆಯ ಏರ್ ಕ್ಲೀನರ್‌ನ ಅಡಿಯಲ್ಲಿ ಕೂತಿರುತ್ತದೆ. ನಾಲ್ಕು ಬೋಲ್ಟು ಬಿಚ್ಚಿದರೆ ಕೈಗೆ ಬರುತ್ತದೆ, ತಿರುಗಿಸಿ ನೋಡಲು ಒಂದೆರಡು ಸ್ಕ್ರೂಗಳೂ ಸಿಗುತ್ತವೆ. ಹಾಗಾಗಿ ಅರವತ್ತರ ದಶಕದ ಅಮೆರಿಕದ ಮಸಲ್ ಕಾರೊಂದು ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿದರೆ, ಸಿಗ್ನಲ್ಲಿನಲ್ಲಿ ನಿಂತಲ್ಲೇ ಆಫ್ ಆದರೆ, ಆಕ್ಸಿಲರೇಟರ್ ತುಳಿದಾಗ ಮುಗ್ಗರಿಸಿದರೆ, ಕಪ್ಪು ಹೊಗೆ ಬಿಟ್ಟರೆ, ಕೈ ಮೊದಲು ಹೋಗುವುದು ಕಾರ್ಬುರೇಟರ್ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಇಗ್ನಿಷನ್ನಿನ, ಪೆಟ್ರೋಲ್ ಪಂಪಿನ, ಯಾವುದೋ ಬಿರುಕು ಬಿಟ್ಟ ರಬ್ಬರ್ ಪೈಪಿನ ಪಾಪವನ್ನೆಲ್ಲ ಅದು ಹೊರುತ್ತದೆ.

ಬೇಸತ್ತ ಮಾಲೀಕ ಹೊಸದೊಂದನ್ನು ತಂದು ಕೂರಿಸುತ್ತಾನೆ. ಹಳೆಯ ತೊಂದರೆ ಹೋಗುವುದಿಲ್ಲ, ಹೊಸದು ಕೆಲವು ಸೇರಿಕೊಳ್ಳುತ್ತವೆ. ಕಾರ್ಬುರೇಟರ್‌ನ ಬುಡ, ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲು ಹಂಚುವ ಮ್ಯಾನಿಫೋಲ್ಡಿಗೆ ಸರಿಯಾಗಿ ಕೂರದು, ಆಕ್ಸಿಲರೇಟರ್ ಕೇಬಲ್ ಎಟುಕದು, ಪೆಟ್ರೋಲ್ ಪೈಪು ಬರುವುದು ಒಂದು ಕಡೆ, ಅದನ್ನು ಸೇರಿಸಬೇಕಾದ ಬಾಯಿ ಇನ್ನೊಂದು ಕಡೆ. ಕಾರ್ಬುರೇಟರ್ ಕೆಟ್ಟಿದೆ ಎಂಬುದನ್ನೂ ಬಿಡಿಭಾಗ ಹೊಂದುತ್ತಿಲ್ಲ ಎಂಬುದನ್ನೂ ಎರಡು ಬೇರೆ ಬೇರೆ ದೂರುಗಳೆಂದು ನಾವು ಎಣಿಸುತ್ತೇವೆ. ಆದರೆ ಎರಡರ ಬೇರೂ ಬಹುತೇಕ ಒಂದೇ. ಕಾರ್ಖಾನೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಮ್ಯಾನಿಫೋಲ್ಡ್, ಕಾರ್ಬುರೇಟರ್ ಒಂದಕ್ಕೊಂದು ತಾಳೆಯಾಗುವಂತೆ ಜೊತೆಯಾಗಿ ಹುಟ್ಟಿದವು. ಐವತ್ತು ಅರವತ್ತು ವರ್ಷಗಳಲ್ಲಿ ಒಬ್ಬೊಬ್ಬ ಮಾಲೀಕ ಒಂದೊಂದನ್ನು ಬದಲಿಸಿ ಆ ಜೊತೆಯನ್ನು ಮುರಿದಿರುತ್ತಾನೆ. ರಿಪೇರಿ ಎಂದರೆ ಆ ಜೊತೆ ಎಲ್ಲಿ ಮುರಿದಿದೆ ಎಂದು ಹುಡುಕುವ ಕೆಲಸ.

ಒಂದೇ ಹೆಸರು, ಹಲವು ಕಾರು

ಪಾಂಟಿಯಾಕ್ ಜಿಟಿಒವನ್ನೇ ನೋಡಿ. ಮಸಲ್ ಕಾರುಗಳ ಕಾಲ ಶುರುವಾದದ್ದೇ ಇದರಿಂದ ಎನ್ನುವವರು ಹೆಚ್ಚು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಜನರಲ್ ಮೋಟರ್ಸ್ ಆಗ ನಿಯಮ ಮಾಡಿಕೊಂಡಿತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೊರಿಯನ್, ಅವರ ಜೊತೆಗಾರರಾದ ಬಿಲ್ ಕಾಲಿನ್ಸ್ ಮತ್ತು ರಸ್ ಗೀ ಆ ನಿಯಮದಲ್ಲಿ ಒಂದು ಸಂದು ಕಂಡುಕೊಂಡರು. ದೊಡ್ಡ ಕಾರಿನ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ನನ್ನು ಟೆಂಪೆಸ್ಟ್ ಎಂಬ ಮಧ್ಯಮ ಕಾರಿಗೆ ಹೊಸ ಮಾದರಿಯಾಗಿ ಕೊಡದೆ, ಗಿರಾಕಿ ಹೆಚ್ಚುವರಿ ದುಡ್ಡು ಕೊಟ್ಟು ಪಡೆಯುವ ಐಚ್ಛಿಕ ಪ್ಯಾಕೇಜ್ ಆಗಿ ಕೊಟ್ಟರು. 1964ರ ಆ ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು.

ಆ ವರ್ಷದ ಜಿಟಿಒಗೆ ಎರಡು ಬಗೆಯ ಕಾರ್ಬುರೇಟರ್ ವ್ಯವಸ್ಥೆಗಳಿದ್ದವು. ನಾಲ್ಕು ಕೊಳವೆಯ ಒಂದು ಕಾರ್ಟರ್ ಎಎಫ್‌ಬಿ ಇದ್ದರೆ 325 ಅಶ್ವಶಕ್ತಿ. ಎರಡು ಕೊಳವೆಯ ಮೂರು ರಾಚೆಸ್ಟರ್‌ಗಳನ್ನು ಸಾಲಾಗಿ ಕೂರಿಸಿದ 'ಟ್ರೈ-ಪವರ್' ಇದ್ದರೆ 348. ಕಾರ್ವೆಟ್ ಬಿಟ್ಟು ಉಳಿದ ಯಾವ ಕಾರಿಗೂ ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಬೇಡವೆಂದು ಕಂಪನಿ ನಿರ್ಧರಿಸಿದ ಮೇಲೆ 1967ರ ಮಾದರಿಯಿಂದ ಟ್ರೈ-ಪವರ್ ಮರೆಯಾಯಿತು. ಎಂಜಿನ್ 400 ಘನ ಇಂಚಿಗೆ ಬೆಳೆಯಿತು, ಮೇಲೆ ರಾಚೆಸ್ಟರ್ ಕ್ವಾಡ್ರಾಜೆಟ್ ಬಂದು ಕೂತಿತು. ಅದೇ ವರ್ಷ ಎರಡು ಗೇರಿನ ಆಟೊಮ್ಯಾಟಿಕ್ ಹೋಗಿ ಮೂರು ಗೇರಿನ ಟರ್ಬೊ 400 ಬಂತು. 1968ರಲ್ಲಿ ಮೈಕಟ್ಟೇ ಬದಲಾಗಿ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 115 ಇಂಚಿನಿಂದ 112ಕ್ಕೆ ಇಳಿಯಿತು. 1969ರಲ್ಲಿ ವಾಟರ್ ಪಂಪ್ ಬದಲಾಯಿತು. 'ಜಿಟಿಒಗೆ ಒಂದು ಕಾರ್ಬುರೇಟರ್ ಕೊಡಿ' ಎಂದು ಅಂಗಡಿಯಲ್ಲಿ ಕೇಳಿದರೆ, ಯಾವ ಜಿಟಿಒ ಎಂದು ಅವರು ತಿರುಗಿ ಕೇಳುವುದು ಇದಕ್ಕೇ.

ಗಾಳಿ ಎಳೆದರೆ ಪೆಟ್ರೋಲು ಬರುತ್ತದೆ

ಕಾರ್ಬುರೇಟರ್‌ನಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪಿಲ್ಲ. ಆಕ್ಸಿಲರೇಟರ್ ತುಳಿದಾಗ ಒಂದು ಚಿಮುಕು ಚಿಮ್ಮಿಸುವ ಪುಟ್ಟ ಪಿಸ್ಟನ್ ಮಾತ್ರ ಇದಕ್ಕೆ ಹೊರತು. ಪಿಸ್ಟನ್ನುಗಳು ಕೆಳಗಿಳಿದಾಗ ಗಾಳಿ ಒಳಗೆ ನುಗ್ಗುತ್ತದೆ. ಕಿರಿದಾದ ಕೊರಳಿನಲ್ಲಿ ಅದರ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಹೊರಗಿನ ವಾತಾವರಣದ ಒತ್ತಡ ಆ ಕೊರಳಿಗೆ ನೂಕುತ್ತದೆ. ಎಷ್ಟು ಪೆಟ್ರೋಲು ಹೋಗಬೇಕೆಂಬುದನ್ನು ಜೆಟ್ ಎಂಬ ಹಿತ್ತಾಳೆಯ ತೂತು ಅಳೆಯುತ್ತದೆ, ಬಟ್ಟಲಿನ ಮಟ್ಟವನ್ನು ಫ್ಲೋಟ್ ಕಾಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ ಓಡಿಸಿದವರು ಕಾರ್ಬುರೇಟರ್ ಪಕ್ಕದ ಗುಂಡಿಯನ್ನು ಒತ್ತಿ, ಪೆಟ್ರೋಲು ಒಸರುವವರೆಗೆ ಕಾದು ಕಿಕ್ ಹೊಡೆಯುತ್ತಿದ್ದರಲ್ಲ, ಅವರು ಒತ್ತುತ್ತಿದ್ದದ್ದು ಇದೇ ಫ್ಲೋಟನ್ನು. ತತ್ವ ಒಂದೇ, ಅಲ್ಲಿ ಒಂದು ಕೊಳವೆ, ಇಲ್ಲಿ ನಾಲ್ಕು.

ಕ್ವಾಡ್ರಾಜೆಟ್‌ನ ನಾಲ್ಕೂ ಒಂದೇ ಅಳತೆಯವಲ್ಲ. ಮುಂದಿನ ಎರಡರ ಥ್ರಾಟಲ್ ಸುಮಾರು 35 ಮಿಲಿಮೀಟರ್, ಹಿಂದಿನ ಎರಡರದು 57. ಮಾಮೂಲಿ ಓಡಾಟಕ್ಕೆ ಮುಂದಿನ ಚಿಕ್ಕವೇ ಸಾಕು, ಹಾಗಾಗಿ ಪೆಟ್ರೋಲು ಉಳಿಯುತ್ತದೆ. ಪೂರಾ ತುಳಿದಾಗ ಮಾತ್ರ ಹಿಂದಿನ ದೊಡ್ಡ ಬಾಯಿಗಳು ತೆರೆಯುತ್ತವೆ. ಅವುಗಳ ಮೇಲೆ ಸ್ಪ್ರಿಂಗಿನ ಬಿಗಿತದಲ್ಲಿರುವ ಒಂದು ರೆಕ್ಕೆ ಇದೆ. ಎಂಜಿನ್ ಎಷ್ಟು ಗಾಳಿ ಕೇಳುತ್ತದೋ ಅಷ್ಟೇ ತೆರೆಯುತ್ತದೆ. ಈ ಜಾಣ್ಮೆಯಿಂದಾಗಿಯೇ 1965ರಿಂದ ಸುಮಾರು ಕಾಲು ಶತಮಾನ ಜನರಲ್ ಮೋಟರ್ಸ್ ಇದನ್ನು ಬಗೆಬಗೆಯ ಎಂಜಿನ್ನುಗಳ ಮೇಲೆ ಕೂರಿಸಿತು.

ಗಾಳಿಯ ಎಳೆತವೇ ಎಲ್ಲವನ್ನೂ ನಡೆಸುವುದರಿಂದ, ಆ ಎಳೆತವನ್ನು ಕೆಡಿಸುವ ಏನೇ ಆದರೂ ಅದು ಕಾಣಿಸಿಕೊಳ್ಳುವುದು ಕಾರ್ಬುರೇಟರ್‌ನ ಕಾಯಿಲೆಯಾಗಿ. ವಾಲ್ವ್ ಸೋರಿದರೂ, ಸ್ಪಾರ್ಕ್ ತಡವಾದರೂ, ಎಲ್ಲೋ ಒಂದು ಪೈಪು ಗಾಳಿ ಎಳೆದರೂ ಡ್ರೈವರ್‌ಗೆ ಅನಿಸುವುದು 'ಪಿಕಪ್ ಇಲ್ಲ, ಮಿಸ್ ಹೊಡೆಯುತ್ತಿದೆ' ಎಂದಷ್ಟೇ.

ಕೆಳಗಿನಿಂದ ಮೇಲಕ್ಕೆ

ಅನುಭವಿ ಮೆಕ್ಯಾನಿಕ್‌ಗಳು ಅದಕ್ಕೇ ಎಂಜಿನ್ನಿನ ಒಡಲಿನಿಂದ ಶುರುಮಾಡಿ ಕಾರ್ಬುರೇಟರನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಎಂಟೂ ಸಿಲಿಂಡರುಗಳ ಕಂಪ್ರೆಶನ್. ಒಂದೆರಡು ಸಿಲಿಂಡರು ಮಿಕ್ಕವುಗಳಿಗಿಂತ ಬಹಳ ಕಡಿಮೆ ತೋರಿಸಿದರೆ ಯಾವ ಟ್ಯೂನಿಂಗೂ ಪ್ರಯೋಜನಕ್ಕೆ ಬಾರದು.

ಎರಡನೆಯದು ಇಗ್ನಿಷನ್. ಜಿಟಿಒ ಕಾಲದ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಮತ್ತು ಕಂಡೆನ್ಸರ್. ಜನರಲ್ ಮೋಟರ್ಸ್‌ನ ವಿ8ಗಳಲ್ಲಿ ಪಾಯಿಂಟ್ ಮುಚ್ಚಿರಬೇಕಾದ ಕೋನ ಸುಮಾರು 30 ಡಿಗ್ರಿ. ಅದನ್ನು ಸರಿಮಾಡಿಕೊಂಡ ಮೇಲೆಯೇ ಟೈಮಿಂಗ್. ಪಾಯಿಂಟ್ ಅಲ್ಲಾಡಿದರೆ ಟೈಮಿಂಗೂ ಅಲ್ಲಾಡುತ್ತದೆ. ಟೈಮಿಂಗ್ ಲೈಟು ಹಿಡಿದು ನೋಡುವ ಗುರುತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕ್ರ್ಯಾಂಕ್ ತುದಿಯ ಬ್ಯಾಲೆನ್ಸರ್ ಎರಡು ಲೋಹದ ಬಳೆಗಳ ನಡುವೆ ರಬ್ಬರ್ ಇಟ್ಟು ಮಾಡಿದ್ದು. ರಬ್ಬರ್ ಹಳತಾದರೆ ಹೊರಬಳೆ ಜಾರಿ, ಗುರುತು ಬೇರೆ ಕಡೆಗೆ ಹೋಗಿರುತ್ತದೆ. ಪಿಸ್ಟನ್ ನಿಜವಾಗಿ ಮೇಲ್ತುದಿಗೆ ಬಂದಾಗ ಗುರುತು ಸೊನ್ನೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಗುರುತು ಒಂದೆಡೆ ನಿಲ್ಲದೆ ಹಿಂದೆ ಮುಂದೆ ಓಡಾಡುತ್ತಿದ್ದರೆ ಕಾರಣ ಇನ್ನೂ ಆಳದಲ್ಲಿರಬಹುದು. ಸದ್ದು ಕಡಿಮೆಯಾಗಲೆಂದು ಆ ಕಾಲದ ಹಲವು ಅಮೆರಿಕನ್ ಎಂಜಿನ್ನುಗಳಲ್ಲಿ ವಾಲ್ವು ತೆರೆಯುವ ಕ್ಯಾಮಿನ ಗೇರಿನ ಹಲ್ಲುಗಳಿಗೆ ನೈಲಾನ್ ಹೊದಿಸುತ್ತಿದ್ದರು. ಬಿಸಿಗೆ, ವಯಸ್ಸಿಗೆ ಆ ನೈಲಾನ್ ಪೆಡಸಾಗಿ ಒಡೆದು ಆಯಿಲ್ ಪ್ಯಾನಿಗೆ ಬೀಳುತ್ತದೆ, ಆ ಗೇರನ್ನು ತಿರುಗಿಸುವ ಚೈನು ಸಡಿಲಾಗುತ್ತದೆ. ಆಗ ಸ್ಪಾರ್ಕೂ ವಾಲ್ವೂ ಒಟ್ಟಿಗೆ ಹಿಂದೆ ಬೀಳುತ್ತವೆ. ಮೇಲೆ ಕೂತ ಕಾರ್ಬುರೇಟರನ್ನು ಎಷ್ಟು ತೊಳೆದರೇನು ಬಂತು!

ಮೂರನೆಯದು ಪೆಟ್ರೋಲಿನ ದಾರಿ. ಟ್ಯಾಂಕಿನ ತಳದ ಜಾಳಿಗೆ, ಚಾಸಿಯುದ್ದಕ್ಕೂ ಹೋಗುವ ಉಕ್ಕಿನ ಪೈಪು, ನಡುನಡುವೆ ರಬ್ಬರ್ ತುಂಡುಗಳು, ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪು, ಕೊನೆಗೆ ಕಾರ್ಬುರೇಟರ್ ಬಾಯಲ್ಲೇ ಅಡಗಿರುವ ಪುಟ್ಟ ಫಿಲ್ಟರು. ಹೊರಗಿನಿಂದ ಗಟ್ಟಿಯಾಗಿ ಕಾಣುವ ರಬ್ಬರ್ ಪೈಪು ಒಳಗೆ ಊದಿಕೊಂಡು ದಾರಿ ಕಟ್ಟಿರಬಹುದು. ಇಗ್ನಿಷನ್ ವೈರು ಕಳಚಿ, ಪಂಪಿನ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ತಿರುಗಿಸಿದರೆ ಅರ್ಧ ನಿಮಿಷದಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರ್ ಬರಬೇಕು. ಒತ್ತಡ ಅಳೆಯುವ ಗೇಜೂ ಬೇಕು. ಒತ್ತಡ ಹೆಚ್ಚಾದರೆ ಫ್ಲೋಟಿನ ನೀಡಲ್ ವಾಲ್ವ್ ತಡೆಯಲಾರದೆ ಬಟ್ಟಲು ಉಕ್ಕುತ್ತದೆ. ಎಡೆಲ್‌ಬ್ರಾಕ್ ಮಾದರಿಯ ಕಾರ್ಬುರೇಟರ್‌ಗಳಿಗೆ 6.5 ಪಿಎಸ್‌ಐ ಮೀರಬಾರದೆಂದು ತಯಾರಕರೇ ಹೇಳುತ್ತಾರೆ. ಹೊಸದಾಗಿ ಎಲೆಕ್ಟ್ರಿಕ್ ಪಂಪು ಹಾಕಿಸಿಕೊಂಡ ಕಾರುಗಳಲ್ಲಿ 'ಓವರ್‌ಫ್ಲೋ' ದೂರು ಬರುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಗಾಳಿಯ ಸೋರಿಕೆ. ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜು ಹಚ್ಚಿದರೆ ಆರೋಗ್ಯವಾಗಿರುವ ಮಾಮೂಲಿ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ 17ರಿಂದ 21 ಇಂಚನ್ನು ಅಲುಗಾಡದೆ ತೋರಿಸುತ್ತದೆ. ಇದು ಸಮುದ್ರಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. 5,280 ಅಡಿ ಎತ್ತರದ ಡೆನ್ವರ್‌ನಲ್ಲಿ ಐದು ಇಂಚು, ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಾದರೆ ಮೂರು ಇಂಚು ಕಡಿಮೆ ತೋರಿಸಿದರೆ ಎಂಜಿನ್ ಕೆಟ್ಟಿದೆಯೆಂದು ಅರ್ಥವಲ್ಲ. ಕ್ಯಾಮ್ ಬದಲಿಸಿ ಬಿರುಸುಗೊಳಿಸಿದ ಎಂಜಿನ್ನಿನಲ್ಲೂ ಅಂಕಿ ಕೆಳಗೇ ಇರುತ್ತದೆ, ಮುಳ್ಳು ನಡುಗುತ್ತದೆ.

ಸೋರಿಕೆ ಹುಡುಕಬೇಕಾದ ಕಡೆಗಳು ಹಲವು: ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಸವೆದ ಥ್ರಾಟಲ್ ಶಾಫ್ಟ್, ಬ್ರೇಕ್ ಬೂಸ್ಟರಿನ ಪೈಪು, ಎಂಜಿನ್ ಹೊಗೆಯನ್ನು ಮರಳಿ ಎಳೆಯುವ ಪಿಸಿವಿ ವಾಲ್ವು. ಟರ್ಬೊ 400 ಗೇರ್‌ಬಾಕ್ಸ್ ಇದ್ದರೆ ಇನ್ನೂ ಒಂದು ಗುಟ್ಟಿನ ಜಾಗ ಉಂಟು. ಅದರ ಪಕ್ಕದಲ್ಲಿರುವ ವ್ಯಾಕ್ಯೂಮ್ ಮಾಡ್ಯುಲೇಟರ್‌ನ ಒಳಪೊರೆ ಹರಿದರೆ ಎಂಜಿನ್ ಗೇರ್‌ಬಾಕ್ಸಿನ ಎಣ್ಣೆಯನ್ನೇ ಹೀರಿ ದಟ್ಟ ಹೊಗೆ ಬಿಡುತ್ತದೆ. ಕಾರ್ಬುರೇಟರೋ ಪಿಸ್ಟನ್ ರಿಂಗೋ ಹೋಯಿತೆಂದು ಎಂಜಿನ್ ಬಿಚ್ಚಲು ಹೊರಟವರು ಆ ಸಣ್ಣ ಪೈಪನ್ನು ಕಳಚಿ, ಒಳಗೆ ಎಣ್ಣೆಯ ಪಸೆ ಇದೆಯೇ ಎಂದು ನೋಡಿದರೆ ಸಾಕಿತ್ತು.

ಎಂಜಿನ್ನಿನ ಕಟ್ಟಡ ತಿಳಿದಿದ್ದರೆ ಹುಡುಕಾಟ ಹಗುರ. ಪಾಂಟಿಯಾಕ್ ಎಂಜಿನ್ನಿನ ನಡುಗಣಿವೆಯನ್ನು ಪ್ರತ್ಯೇಕ ತಗಡು ಮುಚ್ಚುತ್ತದೆ. ಮ್ಯಾನಿಫೋಲ್ಡ್ ಅದರ ಮೇಲಿರುತ್ತದೆ. ಅಲ್ಲಿ ಗ್ಯಾಸ್ಕೆಟ್ ಸೋರಿದರೆ ಹೊರಗಾಳಿ ನುಗ್ಗುತ್ತದೆ, ಕಿವಿಗೊಟ್ಟರೆ ಸುಯ್ ಎನ್ನುವ ಸದ್ದು ಕೇಳುತ್ತದೆ. ಷೆವರ್ಲೆ ಸಣ್ಣ ವಿ8ನಲ್ಲಿ ಮ್ಯಾನಿಫೋಲ್ಡೇ ಆ ಕಣಿವೆಯ ಮುಚ್ಚಳ. ಗ್ಯಾಸ್ಕೆಟ್ ಒಳಮೈಯಲ್ಲಿ ಸೋರಿದರೆ ಎಂಜಿನ್ ಒಳಗಿನ ಎಣ್ಣೆಯ ಆವಿಯನ್ನು ಎಳೆಯುತ್ತದೆ, ಹೊರಗಿನಿಂದ ಏನು ಚಿಮುಕಿಸಿದರೂ ಪತ್ತೆಯಾಗದು. ಚಿಮುಕಿಸುವ ವಿಷಯಕ್ಕೆ ಒಂದು ಎಚ್ಚರಿಕೆ: ಓಡುವ ಬಿಸಿ ಎಂಜಿನ್ನಿನ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವುದು ಬೆಂಕಿಗೆ ಆಹ್ವಾನ. ಯಾವ ವಿಧಾನವೇ ಇರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು.

ಕೊನೆಗೂ ಕಾರ್ಬುರೇಟರ್

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಆಗ ಬಿಚ್ಚಬಹುದು. ಏನನ್ನು ಹುಡುಕಬೇಕೆಂದು ಲಕ್ಷಣವೇ ಹೇಳುತ್ತದೆ.

ಕಾರು ಕೆಲವು ದಿನ ನಿಂತ ಮೇಲೆ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕೆ? ಕ್ವಾಡ್ರಾಜೆಟ್‌ನ ಬಟ್ಟಲು ಚಿಕ್ಕದು, ಪೆಟ್ರೋಲು ಆವಿಯಾಗಿ ಹೋಗಿರಬಹುದು. ಇನ್ನೊಂದು ಹೆಸರಾಂತ ಕಾಯಿಲೆಯೂ ಇದೆ. ಅದರ ಒಡಲಿನ ತಳದಲ್ಲಿ, ತಯಾರಿಸುವಾಗ ಕೊರೆದ ತೂತುಗಳನ್ನು ಮುಚ್ಚಿದ ಬಿರಡೆಗಳು ಕಾಲಾಂತರದಲ್ಲಿ ಸೋರುತ್ತವೆ, ಪೆಟ್ರೋಲು ಮ್ಯಾನಿಫೋಲ್ಡಿಗೆ ಜಿನುಗಿ ಬಟ್ಟಲು ಬರಿದಾಗುತ್ತದೆ. ಪೆಟ್ರೋಲಿಗೆ ಕರಗದ ಎಪಾಕ್ಸಿಯಿಂದ ಅವನ್ನು ಮುಚ್ಚುವುದು ರೂಢಿಯ ಮದ್ದು.

ಕಪ್ಪು ಹೊಗೆ, ಪೆಟ್ರೋಲಿನ ವಾಸನೆ ಇದ್ದರೆ ಮೊದಲು ಫ್ಲೋಟ್ ನೋಡಬೇಕು. ಕ್ವಾಡ್ರಾಜೆಟ್‌ನ ಹಗುರ ನೊರೆವಸ್ತುವಿನ ಫ್ಲೋಟು ವರ್ಷಗಳು ಕಳೆದಂತೆ ಪೆಟ್ರೋಲು ಕುಡಿದು ಭಾರವಾಗುತ್ತದೆ. ಭಾರವಾದದ್ದು ಮುಳುಗುತ್ತದೆ, ಮುಳುಗಿದಾಗ ನೀಡಲ್ ಮುಚ್ಚುವುದಿಲ್ಲ. ಕಣ್ಣಿಗೆ ಗೊತ್ತಾಗದ ಈ ದೋಷವನ್ನು ತಕ್ಕಡಿ ಹೇಳುತ್ತದೆ. ಹೋಲಿ ಕಾರ್ಬುರೇಟರ್ ಆದರೆ ಪವರ್ ವಾಲ್ವನ್ನು ನೋಡಬೇಕು. ಎಂಜಿನ್ ಮೇಲೆ ಭಾರ ಬಿದ್ದು ವ್ಯಾಕ್ಯೂಮ್ ಇಳಿದಾಗ ಹೆಚ್ಚುವರಿ ಪೆಟ್ರೋಲು ಬಿಡುವ ವಾಲ್ವ್ ಅದು. 65 ಎಂಬ ಗುರುತಿದ್ದರೆ 6.5 ಇಂಚಿನಲ್ಲಿ ತೆರೆಯುತ್ತದೆ ಎಂದರ್ಥ. ಹಳೆಯ ಹೋಲಿಗಳಲ್ಲಿ ಎಂಜಿನ್ ಒಮ್ಮೆ ಜೋರಾಗಿ ಬ್ಯಾಕ್‌ಫೈರ್ ಹೊಡೆದರೆ ಅದರ ಪೊರೆ ಹರಿಯುತ್ತಿತ್ತು.

ತುಳಿದ ಕ್ಷಣಕ್ಕೆ ಮುಗ್ಗರಿಸಿದರೆ ಆಕ್ಸಿಲರೇಟರ್ ಪಂಪಿನ, ಅಂದರೆ ಮೊದಲು ಹೇಳಿದ ಪುಟ್ಟ ಪಿಸ್ಟನ್ನಿನ, ಬಟ್ಟು ಗಟ್ಟಿಯಾಗಿರಬಹುದು. ಎಂಜಿನ್ ಆಫ್ ಇದ್ದಾಗ ಥ್ರಾಟಲ್ ತೆರೆದು ಒಳಗೆ ಇಣುಕಿದರೆ ಎರಡು ಬಿರುಸಾದ ಚಿಲುಮೆಗಳು ತಕ್ಷಣ ಕಾಣಬೇಕು. ಪೂರಾ ತುಳಿದಾಗ ಮಾತ್ರ ಕುಸಿದರೆ ಹಿಂದಿನ ರೆಕ್ಕೆಯ ಸ್ಪ್ರಿಂಗ್ ಸಡಿಲಾಗಿ, ಪೆಟ್ರೋಲು ಬರುವ ಮೊದಲೇ ಗಾಳಿ ನುಗ್ಗುತ್ತಿರಬಹುದು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು, ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಓಗೊಡದಿರುವುದು. ಥ್ರಾಟಲ್ ತಟ್ಟೆಯ ಅಂಚಿನ ಬಳಿ ಗೋಡೆಯಲ್ಲಿ ಒಂದು ಸೀಳು ಇರುತ್ತದೆ. ಐಡ್ಲಿಂಗ್‌ನಿಂದ ಓಟಕ್ಕೆ ದಾಟುವಾಗ ಅಲ್ಲಿಂದ ಪೆಟ್ರೋಲು ಬರಬೇಕು. ಐಡ್ಲಿಂಗ್ ನಿಲ್ಲುತ್ತಿಲ್ಲವೆಂದು ವೇಗದ ಸ್ಕ್ರೂವನ್ನು ಬಿಗಿದು ತಟ್ಟೆಯನ್ನು ತೀರ ತೆರೆದರೆ ಆ ಸೀಳು ಪೂರ್ತಿ ಬಯಲಾಗಿ ಅಲ್ಲಿಂದಲೇ ಪೆಟ್ರೋಲು ಸುರಿಯುತ್ತದೆ. ಮಿಕ್ಸ್ಚರ್ ಸ್ಕ್ರೂಗೆ ಕೆಲಸವೇ ಉಳಿಯುವುದಿಲ್ಲ. ಐಡ್ಲಿಂಗ್ ಬಿದ್ದದ್ದೇಕೆ ಎಂದು ಹಿಂದಕ್ಕೆ ಹೋದರೆ ಟೈಮಿಂಗ್ ತಡವಾಗಿರುವುದು, ಸ್ಪಾರ್ಕನ್ನು ಮುಂದಕ್ಕೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಪೈಪು ಕಳಚಿರುವುದು ಸಿಗುತ್ತದೆ. ಮತ್ತೆ ಎತ್ತಿಗೇ ಜ್ವರ.

ಕೂರುವುದು, ಹೊಂದುವುದು

ಈಗ ಬದಲಿ ಭಾಗದ ಮಾತು. ಕೊಳ್ಳುವ ಮೊದಲು ಕಾರಿನ ಜಾತಕ ಓದಬೇಕು. 1966ರಿಂದ ಜಿಟಿಒ ಸ್ವತಂತ್ರ ಮಾದರಿಯಾದ್ದರಿಂದ ಅದರ ಗುರುತಿನ ಸಂಖ್ಯೆ 242ರಿಂದ ಶುರುವಾಗುತ್ತದೆ. ಅದಕ್ಕೂ ಹಿಂದಿನ ಎರಡು ವರ್ಷಗಳ ಕಾರುಗಳಲ್ಲಿ ಸಂಖ್ಯೆ ನೋಡಿ ಜಿಟಿಒ ಹೌದೋ ಅಲ್ಲವೋ ಹೇಳಲಾಗದು. ಜನರಲ್ ಮೋಟರ್ಸ್‌ನ ಮೂಲ ದಾಖಲೆಗಳ ಪ್ರತಿಯನ್ನು ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಎಂಬ ಸಂಸ್ಥೆ ಒದಗಿಸುತ್ತದೆ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್ ಇಟ್ಟು ಕಾರನ್ನು ಕಳಿಸಿದ್ದರೆಂದು ಅದರಲ್ಲಿ ತಿಳಿಯುತ್ತದೆ. ಆದರೆ ಅದು ಹೇಳುವುದು ಕಾರು ಅಂದು ಹೇಗಿತ್ತೆಂದು. ಇಂದು ಬಾನೆಟ್ ಅಡಿಯಲ್ಲಿ ಏನಿದೆಯೆಂದು ತಿಳಿಯಲು ಲೋಹದ ಮೇಲಿನ ಗುರುತುಗಳನ್ನೇ ಓದಬೇಕು. ಬ್ಲಾಕಿನ ಮುಂಭಾಗದಲ್ಲಿ ಎರಡಕ್ಷರದ ಎಂಜಿನ್ ಸಂಕೇತ, ಸಿಲಿಂಡರ್ ಹೆಡ್ಡಿನ ನಡುವಿನ ಎಕ್ಸಾಸ್ಟ್ ಬಾಯಿಗಳ ಮೇಲೆ ಎರಕದ ಸಂಖ್ಯೆ. 1967ರ ಜಿಟಿಒ ಹೆಡ್ಡಿನಲ್ಲಿ 670 ಎಂದಿರುತ್ತದೆ. 1968ರಿಂದ ಕ್ವಾಡ್ರಾಜೆಟ್‌ನ ಎಡಮೈಯಲ್ಲಿ ಸಂಖ್ಯೆ ಒತ್ತಿರುತ್ತಾರೆ. 7028ರಿಂದ ಶುರುವಾದರೆ 1968ರದು, 7029 ಆದರೆ 1969ರದು. ಕೊನೆಯ ಅಂಕಿ ಸಾಮಾನ್ಯವಾಗಿ ಸಮವಾದರೆ ಆಟೊಮ್ಯಾಟಿಕ್ ಕಾರಿಗೆ, ಬೆಸವಾದರೆ ಮ್ಯಾನ್ಯುಯಲ್ ಗೇರಿನ ಕಾರಿಗೆ ಮಾಡಿದ್ದು.

ಷೆವರ್ಲೆಗೆಂದು ಮಾಡಿದ ಕ್ವಾಡ್ರಾಜೆಟನ್ನು ಪಾಂಟಿಯಾಕ್ ಮೇಲೆ ಕೂರಿಸಿದರೆ ಬೋಲ್ಟುಗಳೇನೋ ಹಿಡಿಯುತ್ತವೆ. ಆದರೆ ಷೆವರ್ಲೆಯದರಲ್ಲಿ ಪೆಟ್ರೋಲಿನ ಬಾಯಿ ಸಾಮಾನ್ಯವಾಗಿ ಪಕ್ಕಕ್ಕೆ, ಪಾಂಟಿಯಾಕ್‌ನದರಲ್ಲಿ ನೇರ ಮುಂದಕ್ಕೆ. ಪೈಪನ್ನು ಹೇಗೋ ಬಗ್ಗಿಸಿ ತಂದರೆ ಬಿಸಿ ಲೋಹಕ್ಕೆ ತಾಗುತ್ತದೆ. ಚೋಕ್ ಕಡ್ಡಿಯ ಜಾಗ ಬೇರೆ, ಒಳಗಿನ ಜೆಟ್ಟು ಮತ್ತು ಸೂಜಿಗಳ ಅಳತೆ ಬೇರೆ.

ಹೋಲಿಯನ್ನು ಕೂರಿಸ ಹೊರಟರೆ ಬುಡದಿಂದಲೇ ತಕರಾರು. ಅದರ ಬೋಲ್ಟು ತೂತುಗಳ ಅಂತರ 131ಕ್ಕೆ 143 ಮಿಲಿಮೀಟರ್, ಕ್ವಾಡ್ರಾಜೆಟ್‌ನದು 108ಕ್ಕೆ 143. ನಡುವೆ ಅಡಾಪ್ಟರ್ ತಟ್ಟೆ ಇಡಬೇಕಾಗುತ್ತದೆ. ತೆಳುವಾದ ತಟ್ಟೆಯಾದರೆ ಕೊಳವೆಗಳ ದಾರಿ ತಿರುಚಿಕೊಳ್ಳುತ್ತದೆ, ದಪ್ಪವಾದರೆ ಏರ್ ಕ್ಲೀನರ್ ಬಾನೆಟ್ಟಿಗೆ ತಗಲುತ್ತದೆ. ನಾಲ್ಕೂ ಬಾಯಿ ಒಂದೇ ಅಳತೆಯಿರುವ ಹೋಲಿ ಮಾದರಿಯ ಮ್ಯಾನಿಫೋಲ್ಡ್ ಮೇಲೆ ಕ್ವಾಡ್ರಾಜೆಟ್ ಇಟ್ಟರೆ ಹಿಂದಿನ ದೊಡ್ಡ ತಟ್ಟೆಗಳು ತೆರೆದಾಗ ಅಂಚಿಗೆ ಸಿಕ್ಕಿಕೊಳ್ಳಬಹುದು. ಪೂರಾ ತುಳಿದ ಆಕ್ಸಿಲರೇಟರ್ ಹಿಂದಕ್ಕೆ ಬಾರದಿರುವುದು ತಮಾಷೆಯ ಮಾತಲ್ಲ. ಅದಕ್ಕೇ ಎಂಜಿನ್ ಹಚ್ಚುವ ಮೊದಲು ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಮೇಲಿನಿಂದ ಇಣುಕಿ ತಟ್ಟೆಗಳು ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆಯೇ ಎಂದು ನೋಡಬೇಕು. ಏರ್ ಕ್ಲೀನರ್ ಮೇಲೆ ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನಿಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ತೆರೆದರೆ ಎಷ್ಟು ಸಂದು ಉಳಿದಿದೆಯೆಂದೂ ತಿಳಿಯುತ್ತದೆ.

ಗಾತ್ರದ ಹುಚ್ಚು ಇನ್ನೊಂದು. ಎಂಜಿನ್ನಿನ ಘನ ಇಂಚನ್ನು ಗರಿಷ್ಠ ಆರ್‌ಪಿಎಮ್‌ನಿಂದ ಗುಣಿಸಿ 3456ರಿಂದ ಭಾಗಿಸಿದರೆ ಅದಕ್ಕೆ ಬೇಕಾದ ಗಾಳಿ, ನಿಮಿಷಕ್ಕೆ ಎಷ್ಟು ಘನ ಅಡಿ ಎಂದು ಸಿಗುತ್ತದೆ. 400 ಘನ ಇಂಚಿನ ಎಂಜಿನ್ 5,200 ಆರ್‌ಪಿಎಮ್ ತಲುಪಿದರೆ ಸುಮಾರು 600. ಸಿಲಿಂಡರುಗಳು ಶೇ 85ರಷ್ಟು ತುಂಬುತ್ತವೆ ಎಂದಿಟ್ಟುಕೊಂಡರೆ 510. ಹೀಗಿರುವಾಗ 850ರ ಹೋಲಿ ಕೂರಿಸಿದರೆ ಕೊರಳಲ್ಲಿ ಗಾಳಿಯ ವೇಗವೇ ಹುಟ್ಟದೆ ಕೆಳಗಿನ ಓಟ ಸತ್ತುಹೋಗುತ್ತದೆ. ಕ್ವಾಡ್ರಾಜೆಟ್ 750ರದ್ದಾದರೂ ನಡೆಯುವುದು ಹಿಂದಿನ ರೆಕ್ಕೆ ಬೇಕಾದಷ್ಟೇ ತೆರೆಯುವುದರಿಂದ. ಟ್ರೈ-ಪವರ್‌ನ ಮೂರನ್ನೂ ಕೂಡಿಸಿ ಲೆಕ್ಕ ಹಾಕುವವರು ಇನ್ನೊಂದನ್ನು ಗಮನಿಸಬೇಕು: ನಾಲ್ಕು ಕೊಳವೆಯದನ್ನು 1.5 ಇಂಚು ಪಾದರಸದ ಎಳೆತದಲ್ಲಿ ಅಳೆಯುತ್ತಾರೆ, ಎರಡು ಕೊಳವೆಯದನ್ನು 3 ಇಂಚಿನಲ್ಲಿ. ಎರಡೂ ಅಂಕಿಗಳನ್ನು ನೇರ ಹೋಲಿಸಲಾಗದು.

ಮ್ಯಾನಿಫೋಲ್ಡ್ ಕಥೆಯೂ ಇದೇ. ನಂತರದ ಎಂಜಿನ್ನಿಗೆ ಟ್ರೈ-ಪವರ್ ಹಾಕುವ ಆಸೆಯಿಂದ ಹಳೆಯ ಮ್ಯಾನಿಫೋಲ್ಡ್ ಹುಡುಕುವವರಿಗೆ 1965 ಮತ್ತು 66ರದು ಕೆಲಸಕ್ಕೆ ಬರುತ್ತದೆ. 1964ರದು ಬಾರದು, ಏಕೆಂದರೆ 1965ರಲ್ಲಿ ಹೆಡ್ಡುಗಳ ವಿನ್ಯಾಸವೇ ಬದಲಾಯಿತು. ಕೂರಿಸುವಾಗಲೂ ಕ್ರಮವಿದೆ. ಪಾಂಟಿಯಾಕ್ ಮ್ಯಾನಿಫೋಲ್ಡಿನ ನೀರಿನ ದಾರಿ ಮುಂದಿನ ಟೈಮಿಂಗ್ ಕವರಿಗೆ ಒಂದು ರಬ್ಬರ್ ಬಳೆಯ ಮೂಲಕ ಸೇರುತ್ತದೆ, ಒಂದು ಉದ್ದನೆಯ ಬೋಲ್ಟು ಅದನ್ನು ಎಳೆದು ಹಿಡಿಯುತ್ತದೆ. ಮೊದಲು ಆ ಬೋಲ್ಟನ್ನು ಬಿಗಿದು ಬಳೆಯನ್ನು ಅದುಮಿಸಿಕೊಂಡು, ಆಮೇಲೆ ಉಳಿದವನ್ನು ಬಿಗಿಯಬೇಕು. ಇದನ್ನು ಹಿಂದುಮುಂದು ಮಾಡಿದರೆ ಮುಂದೆ ನೀರು ಸೋರುತ್ತದೆ. ವಾಟರ್ ಪಂಪಿನದೂ ಇಂಥದೇ ಲೆಕ್ಕ: 1968ರವರೆಗಿನದಕ್ಕೆ 8 ಬೋಲ್ಟು, 1969ರಿಂದ 11. ಪಂಪು ಬದಲಾದರೆ ಕವರು ಬದಲಾಗಬೇಕು, ಕವರು ಬದಲಾದರೆ ಪುಲ್ಲಿ, ಬ್ರ್ಯಾಕೆಟ್ಟುಗಳೂ ಸರಿಯಾದ ಜೊತೆಯವೇ ಬೇಕು.

ಕಣ್ಣಿಗೆ ಒಂದೇ ಥರ ಕಂಡು ಮೋಸ ಮಾಡುವುದು ಪೈಪಿನ ಬಾಯಿ. ಕಾರುಗಳ ಉಕ್ಕಿನ ಪೈಪಿನ ತುದಿ 45 ಡಿಗ್ರಿ ಓರೆಯಾಗಿರುತ್ತದೆ. ರೇಸಿಂಗ್ ಅಂಗಡಿಯಲ್ಲಿ ಸಿಗುವ ಬಣ್ಣದ ಎಎನ್ ಫಿಟ್ಟಿಂಗುಗಳದು 37 ಡಿಗ್ರಿ. ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಕೆಲವೊಮ್ಮೆ ಥ್ರೆಡ್ ಹಿಡಿದು ಬಿಗಿಯೂ ಆದೀತು, ಆದರೆ ಪೆಟ್ರೋಲು ಜಿನುಗುತ್ತದೆ. ಜಿನುಗುವುದನ್ನು ತಡೆಯಲು ಇನ್ನಷ್ಟು ಬಿಗಿದರೆ ಕಾರ್ಬುರೇಟರ್‌ನ ಮೆದು ಸತುವಿನ ಥ್ರೆಡ್ಡೇ ಕಿತ್ತುಬರುತ್ತದೆ.

ಕಾರ್ಬುರೇಟರ್ ಬದಲಿಸಿದ್ದರಿಂದ ಗೇರ್‌ಬಾಕ್ಸ್ ಸುಡುವುದೂ ಉಂಟು. ಟರ್ಬೊ 400ಗೆ ಕಿಕ್‌ಡೌನ್ ಸಂದೇಶ ಹೋಗುವುದು ಎಲೆಕ್ಟ್ರಿಕ್ ಸ್ವಿಚ್ಚಿನಿಂದ, ಹಾಗಾಗಿ ತೊಂದರೆ ಕಡಿಮೆ. ಹೆದ್ದಾರಿಯಲ್ಲಿ ಹಗುರವಾಗಿ ಓಡಲೆಂದು ನಾಲ್ಕು ಗೇರಿನ 700ಆರ್4 ಅಥವಾ 200-4ಆರ್ ಹಾಕಿಸಿಕೊಂಡ ಕಾರುಗಳಲ್ಲಿ ಕಥೆ ಬೇರೆ. ಅವುಗಳ ಒಳ ಒತ್ತಡವನ್ನು ಥ್ರಾಟಲ್‌ಗೆ ಕಟ್ಟಿದ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ನಿರ್ಧರಿಸುತ್ತದೆ. ಹೊಸ ಕಾರ್ಬುರೇಟರ್‌ನ ತೋಳಿನಲ್ಲಿ ಆ ಕೇಬಲ್ ತಪ್ಪು ತೂತಿಗೆ ಬಿದ್ದರೆ ಒತ್ತಡ ಸಾಲದೆ ಕ್ಲಚ್ ತಟ್ಟೆಗಳು ಜಾರಿ ಸುಡುತ್ತವೆ.

ಪಾಂಟಿಯಾಕ್ ಹೆಸರನ್ನೇ ನಿಲ್ಲಿಸುವುದಾಗಿ ಜನರಲ್ ಮೋಟರ್ಸ್ 2009ರಲ್ಲಿ ಘೋಷಿಸಿತು. ಇಂದು ಸಿಗುವ ಹೊಸ ಭಾಗಗಳು ಬಹುಪಾಲು ಬೇರೆಯವರು ನಕಲು ತೆಗೆದು ಮಾಡಿದವು. ಕೆಲವು ಮೂಲದಷ್ಟೇ ಅಚ್ಚುಕಟ್ಟು, ಕೆಲವಕ್ಕೆ ತೂತನ್ನು ಉಜ್ಜಿ ಹಿಗ್ಗಿಸದೆ ಗತಿಯಿಲ್ಲ. ಹೊಸ ಭಾಗ ಬಂದ ಕೂಡಲೇ ಹಳೆಯದನ್ನು ಎಸೆಯದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುವುದು, ಬಣ್ಣ ಹೊಡೆಯುವ ಮೊದಲೇ ಒಮ್ಮೆ ಕೂರಿಸಿ ನೋಡುವುದು ಈ ಕೆಲಸದ ಮೊದಲ ಪಾಠ.

ಬದಲಾದ ಪೆಟ್ರೋಲು

ಎಂಜಿನ್ ಅದೇ ಇದ್ದರೂ ಅದು ಕುಡಿಯುವ ಪೆಟ್ರೋಲು ಅದೇ ಅಲ್ಲ. 1967ರ ಜಿಟಿಒ ಎಂಜಿನ್ನಿನ ಕಂಪ್ರೆಶನ್ ಅನುಪಾತ 10.75. ಸೀಸ ಬೆರೆಸಿದ ಹೈ ಆಕ್ಟೇನ್ ಪೆಟ್ರೋಲಿಗೆಂದು ಮಾಡಿದ್ದು. ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು 1996ರಿಂದ ಪೂರ್ತಿ ನಿಷಿದ್ಧ. ಈಗಿನ ಪೆಟ್ರೋಲಿಗೆ ಎಂಜಿನ್ ಕುಟ್ಟಿದರೆ ಟೈಮಿಂಗನ್ನು ಹಿಂದಕ್ಕಿಡುತ್ತಾರೆ. ಆಗ ಪಿಕಪ್ ಹೋಗುತ್ತದೆ, ಎಂಜಿನ್ ಬಿಸಿಯಾಗುತ್ತದೆ, ದೂರು ಯಥಾಪ್ರಕಾರ ಕಾರ್ಬುರೇಟರ್ ಮೇಲೆ.

ಎಥನಾಲ್ ಇನ್ನೊಂದು. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಶೇ 10 ಎಥನಾಲ್ ಬೆರೆತರೆ 14.1, ಭಾರತದಲ್ಲಿ ಈಗ ಬಂದಿರುವ ಶೇ 20ರ ಮಿಶ್ರಣಕ್ಕೆ ಸುಮಾರು 13.5. ಇಂದಿನ ಕಾರುಗಳ ಕಂಪ್ಯೂಟರ್ ಇದನ್ನು ಅರಿತು ಪೆಟ್ರೋಲು ಹೆಚ್ಚಿಸುತ್ತದೆ. ಕಾರ್ಬುರೇಟರ್‌ನ ಹಿತ್ತಾಳೆ ಜೆಟ್ಟಿಗೆ ಆ ತಿಳಿವಳಿಕೆ ಇಲ್ಲ. ಅದರ ತೂತನ್ನು ನಾವೇ ಒಂದೆರಡು ಸಂಖ್ಯೆ ದೊಡ್ಡದು ಮಾಡಬೇಕು. ಹಳೆಯ ರಬ್ಬರ್ ಪೈಪು, ಪಂಪಿನ ಬಟ್ಟುಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು.

ಕಂಪ್ಯೂಟರ್ ಬಂದರೂ

ಈ ತಲೆನೋವೇ ಬೇಡವೆಂದು ಹಲವರು ಈಗ ಕಾರ್ಬುರೇಟರ್ ತೆಗೆದು, ಅದರ ಜಾಗದಲ್ಲೇ ಕೂರುವ ಇಂಧನ ಇಂಜೆಕ್ಷನ್ ಪೆಟ್ಟಿಗೆ ಹಾಕಿಸುತ್ತಾರೆ. ಅದರ ಸೆನ್ಸರ್ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಮಿಶ್ರಣವನ್ನು ತಾನೇ ತಿದ್ದಿಕೊಳ್ಳುತ್ತದೆ. ಬೆಟ್ಟ ಹತ್ತಿದರೂ, ಎಥನಾಲ್ ಹೆಚ್ಚಾದರೂ ಚಿಂತೆಯಿಲ್ಲ. ಒಳ್ಳೆಯ ಪರಿಹಾರವೇ, ಸಂಶಯವಿಲ್ಲ. ಆದರೆ ಅದೂ ಕೂರುವುದು ಅದೇ ಬುಡದ ಮೇಲೆ, ಅದೇ ಗ್ಯಾಸ್ಕೆಟ್ ಮೇಲೆ, ಅದೇ ಬಾನೆಟ್ ಅಡಿಯಲ್ಲಿ. ಗೇರ್‌ಬಾಕ್ಸಿನ ಕೇಬಲ್ ಸಿಕ್ಕಿಸಬೇಕಾದದ್ದು ಅದರ ತೋಳಿಗೇ. ಅಧಿಕ ಒತ್ತಡದ ಪಂಪು ಬೇಕಾದ್ದರಿಂದ ಪೈಪಿನ ಜೋಡಣೆಯಲ್ಲಿ ತಪ್ಪಾದರೆ ಅಪಾಯ ಇನ್ನೂ ಹೆಚ್ಚು.

ಮ್ಯಾನಿಫೋಲ್ಡ್ ಗಾಳಿ ಎಳೆಯುತ್ತಿದ್ದರೆ ಕಂಪ್ಯೂಟರ್ ಅದನ್ನು ಸರಿಪಡಿಸುವುದಿಲ್ಲ. ಹೆಚ್ಚು ಪೆಟ್ರೋಲು ಸುರಿದು ಮರೆಮಾಚುತ್ತದೆ. ಒಂದು ಸಿಲಿಂಡರಿನ ಸ್ಪಾರ್ಕ್ ಬಿಟ್ಟುಬಿಟ್ಟು ಹೊಡೆಯುತ್ತಿದ್ದರೆ ಉರಿಯದ ಗಾಳಿ ಹೊಗೆಕೊಳವೆಗೆ ಬರುತ್ತದೆ. ಸೆನ್ಸರ್ ಅದನ್ನು ಪೆಟ್ರೋಲಿನ ಕೊರತೆಯೆಂದು ತಪ್ಪು ತಿಳಿದು, ಚೆನ್ನಾಗಿ ಉರಿಯುತ್ತಿರುವ ಉಳಿದ ಏಳು ಸಿಲಿಂಡರುಗಳಿಗೂ ಹೆಚ್ಚು ಪೆಟ್ರೋಲು ಹಾಕುತ್ತದೆ. ಆದ್ದರಿಂದ ಪೆಟ್ಟಿಗೆಗೆ ದುಡ್ಡು ಕೊಡುವ ಮೊದಲು ಕಂಪ್ರೆಶನ್ ನೋಡಿ, ಪಾಯಿಂಟ್ ನೋಡಿ, ಬ್ಯಾಲೆನ್ಸರಿನ ಗುರುತು ನೋಡಿ, ವ್ಯಾಕ್ಯೂಮ್ ಗೇಜು ಹಚ್ಚಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಹೀಗೆ ಮಾಡಿದ ಎಷ್ಟೋ ಮಾಲೀಕರಿಗೆ ಹಳೆಯ ಕ್ವಾಡ್ರಾಜೆಟ್ಟೇ ಸಾಕಾಗಿದೆ.